ಪ್ರೇಕ್ಷಕರ ಬಿನ್ನಹ, ವಿಮರ್ಶಕರ ವ್ಯಾಖ್ಯಾನ: ‘ಸ್ಟಾರ್ ಟ್ರೆಕ್’ ನಾಟಕದ ಚರಿತ್ರೆಯನ್ನು ಕುರಿತು ಒಂದು ವಿವೇಚನೆ

ನಾಟಕದ ಚರಿತ್ರೆಯನ್ನು ಬರೆಯಹೊರಟವರಿಗೆ ನಾಟಕಕಾರನ ವಿಷಯದಲ್ಲಿ ಸಾಕಷ್ಟು ಆಧಾರಗಳು ದೊರೆಯುತ್ತವೆ. ಕೃತಿಯ ವಿಷಯದಲ್ಲಿ ಕೃತಿಯೇ ಆಧಾರವಾಗಿ ನಿಲ್ಲುತ್ತದೆ. ಪ್ರೇಕ್ಷಕನ ವಿಷಯಕ್ಕೆ ಬಂದೊಡನೆ ಚರಿತ್ರಕಾರನ ಕೈ ಬರಿದಾಗುತ್ತದೆ. ನಮ್ಮ ಆಲಂಕಾರಿಕರು ಸಹೃದಯನಿಗೆ ಎಷ್ಟೇ ದೊಡ್ಡ ಪೀಠವನ್ನು ಕಲ್ಪಿಸಿಕೊಟ್ಟಿರಲಿ, ಅವನು ರಂಗದ ಮುಂದೆ ಕುಳಿತು ನೋಡಿ, ನಕ್ಕು, ಅತ್ತು, ಎದ್ದು ಮನೆಗೆ ಹೋದವನೇ ಹೊರತು ತನಗೆ ಕಂಡುದನ್ನು ಬರೆದಿಟ್ಟು ಹೋದವನಲ್ಲ. ಆದುದರಿಂದ ‘ಈ ನಾಟಕವನ್ನು ಜನ ಹೀಗೆ ಗ್ರಹಿಸಿದರು’ ಎಂದು ವಿಮರ್ಶಕರು ಬರೆದಾಗ, ಬಹುಮಟ್ಟಿಗೆ ಅದು ವಿಮರ್ಶಕರು ತಾವೇ ಗ್ರಹಿಸಿದುದರ ಇನ್ನೊಂದು ಹೆಸರಾಗಿರುತ್ತದೆ.

ಈ ಸ್ಥಿತಿಗೆ ಅಪವಾದವೆನ್ನಬಹುದಾದ ಪ್ರಸಂಗವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ದೂರದರ್ಶನದ ಚರಿತ್ರೆಯಲ್ಲಿದೆ. ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ನಾಟಕವು 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್ 3ರವರೆಗೆ ಎನ್.ಬಿ.ಸಿ. ಪ್ರಸಾರ ಸಂಸ್ಥೆಯ ಮೂಲಕ ಪ್ರದರ್ಶಿತವಾಯಿತು. ಆ ಮೂರು ವರ್ಷಗಳಲ್ಲಿ ಅದು ನಿಲ್ಲುವುದೋ ಮುಂದುವರಿಯುವುದೋ ಎಂಬ ಶಂಕೆಯಿಂದ ಒಂದು ವರ್ಷವೂ ಮುಕ್ತವಾಗಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಪ್ರೇಕ್ಷಕರು ಪತ್ರ ಬರೆದರು, ಮೆರವಣಿಗೆ ನಡೆಸಿದರು, ತಾವೇ ಪತ್ರಿಕೆಗಳನ್ನು ಹೊರಡಿಸಿ ವಾದಿಸಿದರು. ಎರಡು ದಶಕಗಳು ಕಳೆದ ಮೇಲೆ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಅದೇ ನಾಟಕಕ್ಕೆ ಅರ್ಥ ಹೇಳಲು ತೊಡಗಿದರು. ಈ ಎರಡು ಬಗೆಯ ಬರೆಹಗಳನ್ನು ಎದುರುಬದುರಾಗಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ. ವಿದ್ವಾಂಸರ ಅರ್ಥನಿರ್ಣಯಗಳಲ್ಲಿ ಕೆಲವು ಬಹಳ ಸೂಕ್ಷ್ಮವಾದವು. ಆದರೂ ನಾಟಕವನ್ನು ಉಳಿಸಿದವರು ಅದರಲ್ಲಿ ಏನನ್ನು ಕಂಡಿದ್ದರೆಂಬ ಪ್ರಶ್ನೆಯನ್ನು ಅವು ಬೇಗನೆ ದಾಟಿಬಿಡುತ್ತವೆಂದು ನಮಗೆ ತೋರುತ್ತದೆ.

ಮೊದಲು ಸಂದರ್ಭವನ್ನು ತಿಳಿಯಬೇಕು. ನಮ್ಮ ದೇಶದಲ್ಲಿ ದೂರದರ್ಶನವು ಆಗ ದೆಹಲಿ ನಗರವನ್ನು ಬಿಟ್ಟು ಹೊರಗೆ ಬಂದಿರಲಿಲ್ಲ. ಅದೂ ಸರ್ಕಾರದ ಅಧೀನದಲ್ಲಿತ್ತು. ಅಮೆರಿಕದಲ್ಲಾದರೋ ಅದು ಖಾಸಗಿ ವ್ಯಾಪಾರ. ಪ್ರೇಕ್ಷಕನು ಹಣ ಕೊಡುವುದಿಲ್ಲ; ಪ್ರೇಕ್ಷಕನ ಗಮನವನ್ನು ಪ್ರಸಾರ ಸಂಸ್ಥೆಯು ಜಾಹೀರಾತುದಾರನಿಗೆ ಮಾರುತ್ತದೆ. ಮಾರುವ ಸರಕನ್ನು ಅಳೆಯದೆ ಬೆಲೆ ಕಟ್ಟುವುದು ಹೇಗೆ? ಆ ಅಳತೆಯ ಕಾರ್ಯವನ್ನು ನೀಲ್ಸನ್ ಎಂಬ ಸಂಸ್ಥೆಯು ನಡೆಸುತ್ತಿತ್ತು. ದೇಶದಲ್ಲಿ ದೂರದರ್ಶನ ಯಂತ್ರವಿದ್ದ ಐದು ಕೋಟಿಗೂ ಮೇಲ್ಪಟ್ಟ ಮನೆಗಳ ಪೈಕಿ ಸುಮಾರು 1,200 ಮನೆಗಳನ್ನು ಆರಿಸಿ, ಅಲ್ಲಿನ ಯಂತ್ರಗಳಿಗೆ ಮಾಪಕವನ್ನು ಜೋಡಿಸಿ, ಯಾವ ಹೊತ್ತಿನಲ್ಲಿ ಯಾವ ಕಾರ್ಯಕ್ರಮಕ್ಕೆ ಯಂತ್ರವು ತಿರುಗಿತ್ತೆಂಬುದನ್ನು ದಾಖಲಿಸುವುದು ಅದರ ಕ್ರಮ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಕ್ರಮದಲ್ಲಿ ಅಂಥ ದೊಡ್ಡ ದೋಷವೇನೂ ಇಲ್ಲ. ಆದರೆ ಯಂತ್ರ ತಿರುಗಿದ್ದಿತೆಂಬುದನ್ನು ಮಾಪಕ ಹೇಳಬಲ್ಲುದೇ ಹೊರತು, ಅದರ ಮುಂದೆ ಕುಳಿತವನು ಆಕಳಿಸುತ್ತಿದ್ದನೋ ಮೈಮರೆತಿದ್ದನೋ ಎಂಬುದನ್ನು ಹೇಳಲಾರದು. ಮುಂದಿನ ವಿವಾದಕ್ಕೆಲ್ಲ ಮೂಲ ಇಲ್ಲಿದೆ.

ನಾಟಕದ ಕರ್ತೃ ಜೀನ್ ರಾಡೆನ್‌ಬೆರಿ. ಭವಿಷ್ಯತ್ಕಾಲದಲ್ಲಿ ‘ಎಂಟರ್‌ಪ್ರೈಸ್’ ಎಂಬ ವ್ಯೋಮನೌಕೆಯೊಂದು ನಕ್ಷತ್ರಲೋಕಗಳಲ್ಲಿ ಸಂಚರಿಸುವುದು ಕಥೆಯ ಹಂದರ. ನೌಕೆಯ ನಾಯಕ ಕರ್ಕ್, ಅನ್ಯಗ್ರಹದ ತಂದೆಗೂ ಭೂಲೋಕದ ತಾಯಿಗೂ ಹುಟ್ಟಿದ, ಭಾವವನ್ನು ತರ್ಕದಿಂದ ಅಡಗಿಸಿದ ಸ್ಪಾಕ್, ವೈದ್ಯ ಮೆಕಾಯ್, ಆಫ್ರಿಕ ಮೂಲದ ಅಧಿಕಾರಿಣಿ ಉಹುರಾ, ಏಷ್ಯ ಮೂಲದ ಸುಲು. ಮಾದರಿಗೆಂದು ತಯಾರಿಸಿದ ಮೊದಲ ಕಂತನ್ನು ಅದು ತೀರ ಬುದ್ಧಿಪ್ರಧಾನವಾಯಿತೆಂಬ ಕಾರಣದಿಂದ ಸಂಸ್ಥೆಯು 1965ರಲ್ಲಿ ನಿರಾಕರಿಸಿತು. ಆದರೆ ರೂಢಿಗೆ ವಿರುದ್ಧವಾಗಿ ಎರಡನೆಯ ಮಾದರಿಯನ್ನು ಬೇಡಿ ಅದನ್ನು ಅಂಗೀಕರಿಸಿತು. ಪ್ರದರ್ಶನ ಆರಂಭವಾದಾಗ ‘ವೆರೈಟಿ’ ಎಂಬ ವೃತ್ತಿಪತ್ರಿಕೆಯ ವಿಮರ್ಶಕನು ಇದು ನಡೆಯಲಾರದೆಂದು ಭವಿಷ್ಯ ನುಡಿದನು. ಅಂದಿನ ಪತ್ರಿಕಾವಿಮರ್ಶೆಯಲ್ಲಿ ಐಸಾಕ್ ಅಸಿಮೋವ್‌ನ ಪ್ರಸಂಗ ಸ್ವಾರಸ್ಯಕರವಾದುದು. ವಿಜ್ಞಾನಿಯೂ ಕಥೆಗಾರನೂ ಆದ ಆತ 1966ರ ನವೆಂಬರಿನಲ್ಲಿ ‘ಟಿ.ವಿ. ಗೈಡ್’ ಪತ್ರಿಕೆಯಲ್ಲಿ ಈ ಬಗೆಯ ನಾಟಕಗಳಲ್ಲಿರುವ ಖಗೋಳಶಾಸ್ತ್ರದ ತಪ್ಪುಗಳನ್ನು ಪರಿಹಾಸ ಮಾಡಿ ಬರೆದನು; 1967ರ ಏಪ್ರಿಲಿನಲ್ಲಿ ಅದೇ ಪತ್ರಿಕೆಯಲ್ಲಿ ಸ್ಪಾಕ್ ಪಾತ್ರಕ್ಕೆ ಯುವತಿಯರು ಮಾರುಹೋಗುವುದೇಕೆಂಬ ವಿಷಯವಾಗಿ ವಿನೋದದ ಲೇಖನವನ್ನು ಬರೆದನು. ಐದು ತಿಂಗಳೊಳಗೆ ಪರೀಕ್ಷಕನು ಅಭಿಮಾನಿಗಳ ಪಂಕ್ತಿಗೆ ಬಂದು ಕುಳಿತದ್ದು ಸ್ಪಷ್ಟವಾಗಿದೆ.

ಪ್ರೇಕ್ಷಕಗಣನೆಯ ಪಟ್ಟಿಯಲ್ಲಿ ನಾಟಕವು ಮೇಲೇರಲಿಲ್ಲ. ಅಪಾಯವನ್ನು ಮೊದಲು ಊಹಿಸಿ ಕಾರ್ಯಪ್ರವೃತ್ತರಾದವರು ಲೇಖಕರು. 1966ರ ಡಿಸೆಂಬರಿನಲ್ಲಿ ಹಾರ್ಲನ್ ಎಲಿಸನ್ನನು ಒಂದು ಸಮಿತಿಯ ಹೆಸರಿನಲ್ಲಿ ವಿಜ್ಞಾನಕಥೆಗಳ ವಾಚಕರಿಗೆ ಪತ್ರವೊಂದನ್ನು ಕಳುಹಿಸಿ, ಸಂಸ್ಥೆಗೆ ಬರೆದು ನಾಟಕವನ್ನು ಉಳಿಸಿಕೊಳ್ಳಬೇಕೆಂದು ಕೇಳಿಕೊಂಡನು. ಆ ಸಮಿತಿಯಲ್ಲಿ ಪೋಲ್ ಆಂಡರ್ಸನ್, ರಾಬರ್ಟ್ ಬ್ಲಾಕ್, ಲೆಸ್ಟರ್ ಡೆಲ್ ರೇ, ಫಿಲಿಪ್ ಹೋಸೆ ಫಾರ್ಮರ್, ಫ್ರಾಂಕ್ ಹರ್ಬರ್ಟ್, ರಿಚರ್ಡ್ ಮ್ಯಾಥಸನ್, ಥಿಯೊಡೋರ್ ಸ್ಟರ್ಜನ್, ವ್ಯಾನ್ ವೋಗ್ಟ್ ಇವರ ಹೆಸರುಗಳಿದ್ದುವು. ಈ ಹೆಸರುಗಳ ಪೈಕಿ ಆಂಡರ್ಸನ್ ಮತ್ತು ಎಲಿಸನ್ ಎಂಬ ಎರಡನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ. ಮುಂದೆ ಅವುಗಳಿಂದ ಕೆಲಸವಿದೆ.

ನಿಜವಾದ ಹೋರಾಟ ನಡೆದುದು ಎರಡನೆಯ ವರ್ಷದಲ್ಲಿ. 1967ರ ಕೊನೆಯ ವೇಳೆಗೆ ನಾಟಕವು ನಿಲ್ಲಲಿದೆಯೆಂಬ ಸುದ್ದಿ ಕ್ಯಾಲಿಫೋರ್ನಿಯದ ಬಿಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿಗಳ ಕಿವಿಗೆ ಬಿದ್ದಿತು. ಅವರು ಕೈಕೊಂಡ ಕ್ರಮವು ಸ್ವಲ್ಪ ವಿವರಣೆಗೆ ಯೋಗ್ಯವಾಗಿದೆ. ಪ್ರತಿಯೊಬ್ಬರೂ ಹತ್ತು ಮಂದಿಗೆ ಹೇಳಬೇಕು, ಆ ಹತ್ತು ಮಂದಿಯಲ್ಲಿ ಪ್ರತಿಯೊಬ್ಬರೂ ಮತ್ತೆ ಹತ್ತು ಮಂದಿಗೆ ಹೇಳಬೇಕು ಎಂಬುದು ಮೊದಲ ಸೂತ್ರ. ಪತ್ರವು ಸಭ್ಯವಾಗಿರಬೇಕು, ಒಂದೇ ಒಕ್ಕಣೆಯನ್ನು ಎಲ್ಲರೂ ನಕಲು ಮಾಡಬಾರದು, ಬರೆಯುವವನು ಅಭಿಮಾನಿಗಳ ಸಂಘಕ್ಕೆ ಸೇರಿದವನೆಂದು ತೋರಿಸಿಕೊಳ್ಳದೆ ಸಾಮಾನ್ಯ ಗೃಹಸ್ಥನಂತೆ ತನ್ನ ಮಾತನ್ನು ತಾನು ಹೇಳಬೇಕು. ಇದರ ಮರ್ಮ ಸ್ಪಷ್ಟ. ಸಂಸ್ಥೆಯವರು ತಲೆಗಳನ್ನು ಎಣಿಸುವವರು. ಒಂದೇ ಅಚ್ಚಿನ ಸಾವಿರ ಪತ್ರಗಳು ಅವರ ಲೆಕ್ಕದಲ್ಲಿ ಒಂದು ಗುಂಪಿನ ಕೂಗಾಗುತ್ತಿದ್ದುವು, ಬೇರೆ ಬೇರೆ ಒಕ್ಕಣೆಯ ಸಾವಿರ ಪತ್ರಗಳು ಸಾವಿರ ಮನೆಗಳ ಮಾತಾಗುತ್ತಿದ್ದುವು. ನಮ್ಮ ಹಳೆಯ ಅರಸುಗಳ ಆಸ್ಥಾನಕ್ಕೆ ಬಿನ್ನವತ್ತಳೆಗಳನ್ನು ಬರೆಸಿ ಕಳುಹಿಸುತ್ತಿದ್ದ ಪ್ರಜೆಗಳಿಗೂ ಈ ಬಗೆಯ ಜಾಣ್ಮೆ ತಿಳಿಯದುದೇನೂ ಅಲ್ಲ.

1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ತಂತ್ರವಿಜ್ಞಾನ ಸಂಸ್ಥೆಯಾದ ಕ್ಯಾಲ್‌ಟೆಕ್‌ನ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬರ್ಬ್ಯಾಂಕಿನಲ್ಲಿದ್ದ ಎನ್.ಬಿ.ಸಿ. ಕಾರ್ಯಾಲಯದ ವರೆಗೆ ಮೆರವಣಿಗೆ ನಡೆಸಿದರು. ಅವರು ಹಿಡಿದ ಫಲಕಗಳಲ್ಲಿ ಒಂದರ ಮೇಲೆ ‘ಡ್ರಾಫ್ಟ್ ಸ್ಪಾಕ್’ ಎಂಬ ಎರಡೇ ಪದಗಳಿದ್ದುವು. ಡ್ರಾಫ್ಟ್ ಎಂದರೆ ಚುನಾವಣೆಗೆ ಅಭ್ಯರ್ಥಿಯಾಗಿ ನಿಲ್ಲಿಸುವುದು ಎಂಬ ಅರ್ಥವೂ ಉಂಟು, ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವುದು ಎಂಬ ಅರ್ಥವೂ ಉಂಟು. ಅಂದಿನ ಅಮೆರಿಕದ ವಿದ್ಯಾರ್ಥಿಗೆ ಎರಡನೆಯ ಅರ್ಥ ಕೇವಲ ನಿಘಂಟಿನದಾಗಿರಲಿಲ್ಲ. ವಿಯೆಟ್ನಾಮಿನ ಯುದ್ಧಕ್ಕೆ ಕರೆ ಬರುವ ವಯಸ್ಸು ಅವನದು. ಅದೇ ಜನವರಿಯಲ್ಲಿ, ಯುವಕರು ಸೈನ್ಯದ ಕರೆಯನ್ನು ನಿರಾಕರಿಸುವಂತೆ ಪ್ರೋತ್ಸಾಹಿಸಿದರೆಂದು ಪ್ರಸಿದ್ಧ ಶಿಶುವೈದ್ಯ ಬೆಂಜಮಿನ್ ಸ್ಪಾಕ್ ಅವರ ಮೇಲೆ ಸರ್ಕಾರವು ಮೊಕದ್ದಮೆ ಹೂಡಿದ್ದಿತು. ಫಲಕ ಹಿಡಿದವನ ಮನಸ್ಸಿನಲ್ಲಿದ್ದುದು ನಗೆಯೋ ಪ್ರತಿಭಟನೆಯೋ ಎರಡೂ ಕೂಡಿದ ಒಂದು ತುಂಟತನವೋ? ಎರಡು ಪದಗಳ ಫಲಕವೇ ಇಷ್ಟು ಅರ್ಥಗಳಿಗೆ ಎಡೆಗೊಡುವಾಗ, ಅದನ್ನು ಹಿಡಿದವರು ಉಳಿಸಿಕೊಳ್ಳಬಯಸಿದ ನಾಟಕಕ್ಕೆ ಒಂದೇ ಅರ್ಥವನ್ನು ಗೊತ್ತುಮಾಡುವಲ್ಲಿ ಎಚ್ಚರಿಕೆ ಬೇಕಾಗುತ್ತದೆ.

1967ರ ಡಿಸೆಂಬರಿನಿಂದ 1968ರ ಮಾರ್ಚಿನವರೆಗೆ ಸಂಸ್ಥೆಗೆ ಬಂದ ಪತ್ರಗಳು ಸುಮಾರು 1,16,000. ಅಭಿಮಾನಿಗಳ ಕಥನಗಳಲ್ಲಿ ಈ ಸಂಖ್ಯೆಯು ಹತ್ತು ಲಕ್ಷದ ವರೆಗೂ ಬೆಳೆದಿದೆ. ಪುರಾಣವು ಸಂಖ್ಯೆಗಳನ್ನು ಹೀಗೆ ಬೆಳೆಸುವುದು ಸ್ವಾಭಾವಿಕವಾದರೂ ಚರಿತ್ರಕಾರನಿಗೆ ಲಕ್ಷದ ಹದಿನಾರು ಸಾವಿರವೇ ಸಾಕು. ಕೊನೆಗೆ 1968ರ ಮಾರ್ಚ್ 1ರಂದು ಆ ವಾರದ ಕಂತು ಮುಗಿದೊಡನೆ, ನಾಟಕವು ಮುಂದುವರಿಯುವುದೆಂದು ಸಂಸ್ಥೆಯೇ ಪ್ರಸಾರದ ಮೂಲಕ ಪ್ರಕಟಿಸಿತು.

ಪತ್ರಗಳೇ ನಾಟಕವನ್ನು ಉಳಿಸಿದುವೆ? ಇಲ್ಲಿ ಕಾರ್ಯಕಾರಣ ಸಂಬಂಧವನ್ನು ನಿರ್ಣಯಿಸುವುದು ಸುಲಭವಲ್ಲ. ನಾಟಕದ ನಿರ್ಮಾಣದಲ್ಲಿ ಹತ್ತಿರದಿಂದ ಪಾಲ್ಗೊಂಡಿದ್ದ ಹರ್ಬರ್ಟ್ ಸೋಲೊ ಮತ್ತು ರಾಬರ್ಟ್ ಜಸ್ಟ್‌ಮನ್ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಚಳುವಳಿಗೆ ರಾಡೆನ್‌ಬೆರಿ ತೆರೆಯ ಹಿಂದಿನಿಂದ ಬೆಂಬಲವಿತ್ತಿದ್ದನೆಂದು ಹೇಳಿದ್ದಾರೆ. ಪ್ರೇಕ್ಷಕರ ಸಂಖ್ಯೆ ಕಡಮೆಯಿದ್ದರೂ ಅವರು ವಿದ್ಯಾವಂತರು, ವರಮಾನವುಳ್ಳವರು ಎಂಬ ಅಂಶಕ್ಕೆ ಎನ್.ಬಿ.ಸಿ.ಯ ಸಂಶೋಧನ ವಿಭಾಗದವರು ಬೆಲೆ ಕೊಡತೊಡಗಿದ್ದರು. ಇದಲ್ಲದೆ ಎನ್.ಬಿ.ಸಿ.ಯ ಒಡೆತನ ಆರ್.ಸಿ.ಎ. ಕಂಪನಿಯದು; ಆ ಕಂಪನಿಯು ಬಣ್ಣದ ದೂರದರ್ಶನ ಯಂತ್ರಗಳನ್ನು ಮಾರುತ್ತಿತ್ತು; ಈ ನಾಟಕವೋ ಬಣ್ಣಗಳ ಜಾತ್ರೆ. ಇವೆಲ್ಲವನ್ನೂ ತೂಗಿನೋಡಿದರೆ, ಪತ್ರಗಳು ಒಂದೇ ಕಾರಣವೆನ್ನಲು ಆಧಾರ ಸಾಲದೆಂದು ತೋರುತ್ತದೆ. ಆದರೆ ಯಾವ ಸಂಸ್ಥೆಯೂ ತನ್ನ ವ್ಯಾಪಾರದ ನಿರ್ಧಾರವನ್ನು ಪ್ರೇಕ್ಷಕರಿಗೆ ಪ್ರಸಾರದಲ್ಲಿ ವರದಿಯೊಪ್ಪಿಸುವ ರೂಢಿಯಿಲ್ಲ. ಎನ್.ಬಿ.ಸಿ. ಹಾಗೆ ಮಾಡಿತು. ಮಾಪಕವು ಎಣಿಸದ ಪ್ರೇಕ್ಷಕನಿಗೆ ಉತ್ತರ ಕೊಡಬೇಕಾದ ಸ್ಥಿತಿಗೆ ಸಂಸ್ಥೆಯನ್ನು ತಂದುದು ಪತ್ರಗಳೇ ಎಂಬುದರಲ್ಲಿ ಸಂದೇಹವಿಲ್ಲ.

ಗೆಲುವಿನ ಫಲ ಕಹಿಯಾಗಿತ್ತು. ಮೂರನೆಯ ವರ್ಷಕ್ಕೆ ಮೊದಲು ಸೋಮವಾರ ಸಂಜೆಯ ಒಳ್ಳೆಯ ವೇಳೆಯನ್ನು ಕೊಡುವುದೆಂದಿದ್ದ ಸಂಸ್ಥೆಯು ಬಳಿಕ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿತು. ನಾಟಕವನ್ನು ಮೆಚ್ಚಿದ ತರುಣರು ಮನೆಯಲ್ಲಿರದ ಹೊತ್ತು ಅದು. ರಾಡೆನ್‌ಬೆರಿ ದಿನನಿತ್ಯದ ಹೊಣೆಯಿಂದ ಹಿಂದೆ ಸರಿದನು, ಫ್ರೆಡ್ ಫ್ರೈಬರ್ಗರ್ ನಿರ್ಮಾಪಕನಾದನು, ವೆಚ್ಚವನ್ನು ಕಡಿತಗೊಳಿಸಲಾಯಿತು. 1968ರ ಸೆಪ್ಟೆಂಬರ್ 20ರಂದು ಆ ವರ್ಷದ ಮೊದಲ ಕಂತಾಗಿ ಬಂದ ‘ಸ್ಪಾಕ್ಸ್ ಬ್ರೇನ್’ ಅಭಿಮಾನಿಗಳ ನಡುವೆ ಇಂದಿಗೂ ನಗೆಗೀಡಾಗಿದೆ. ಇಪ್ಪತ್ತನಾಲ್ಕು ಕಂತುಗಳ ತರುವಾಯ ನಾಟಕವು ನಿಂತಿತು. ಅದರ ಕೊನೆಯ ಕಂತಿಗೂ ನೆಮ್ಮದಿಯಿರಲಿಲ್ಲ: 1969ರ ಮಾರ್ಚ್ 28ರಂದು ಬರಬೇಕಾಗಿದ್ದುದು ಅಂದು ಮಾಜಿ ಅಧ್ಯಕ್ಷ ಐಸೆನ್‌ಹೋವರ್ ನಿಧನರಾದ ಕಾರಣ ಜೂನ್ ತಿಂಗಳಿಗೆ ಮುಂದಕ್ಕೆ ಹೋಯಿತು.

ಆದರೆ ಇದೇ ದುರ್ಬಲವಾದ ಮೂರನೆಯ ವರ್ಷವನ್ನು ನಾವು ಲಘುವಾಗಿ ಎಣಿಸಲಾಗದು. ಮೊದಲ ವರ್ಷದ 29, ಎರಡನೆಯ ವರ್ಷದ 26, ಮೂರನೆಯ ವರ್ಷದ 24 ಕೂಡಿ ಒಟ್ಟು 79 ಕಂತುಗಳಾದುವು. ಅಮೆರಿಕದಲ್ಲಿ ನಿಂತುಹೋದ ನಾಟಕಗಳನ್ನು ಸ್ಥಳೀಯ ಪ್ರಸಾರ ಕೇಂದ್ರಗಳು ಕೊಂಡು ದಿನಕ್ಕೊಂದರಂತೆ ಮರುಪ್ರದರ್ಶನ ಮಾಡುವ ಪದ್ಧತಿಯುಂಟು. ಹಾಗೆ ಮಾಡಲು ಕಂತುಗಳು ನೂರರ ಆಸುಪಾಸಿನಲ್ಲಿರಬೇಕೆಂಬುದು ವ್ಯಾಪಾರದ ವಾಡಿಕೆ. ಎರಡು ವರ್ಷಗಳ 55 ಕಂತುಗಳನ್ನು ಯಾರು ಕೊಳ್ಳುತ್ತಿದ್ದರೋ ಊಹಿಸುವುದು ಕಷ್ಟ. 79 ಕಂತುಗಳಿಗೆ ಕೈಸರ್ ಎಂಬ ಪ್ರಸಾರ ಕಂಪನಿಯು ಮುಂದೆ ಬಂದು, ತನ್ನ ಕೇಂದ್ರಗಳಲ್ಲಿ ಸಂಜೆ ಬೇರೆಯವರು ವಾರ್ತೆಗಳನ್ನು ಬಿತ್ತರಿಸುವ ಹೊತ್ತಿಗೆ ಸರಿಯಾಗಿ ಇದನ್ನು ತೋರಿಸಿತು. ವಾರ್ತೆಯನ್ನು ಒಲ್ಲದ ತರುಣರೆಲ್ಲ ಇತ್ತ ತಿರುಗಿದರು. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅಭಿಮಾನಿಗಳ ಸಮ್ಮೇಳನ ಕೂಡಿದಾಗ ಕೆಲವು ನೂರು ಮಂದಿ ಬರಬಹುದೆಂದು ಭಾವಿಸಿದ್ದವರ ಮುಂದೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದು ನಿಂತರು. ಹೀಗೆ, ಕಲೆಯಲ್ಲಿ ಕೆಳಗಿಳಿದ ವರ್ಷವೇ ಬಾಳಿಕೆಗೆ ಆಧಾರವಾಯಿತು. ಮುಂದೆ ವಿಶ್ವವಿದ್ಯಾನಿಲಯಗಳಲ್ಲಿ ಈ ನಾಟಕದ ಮೇಲೆ ಬೆಳೆದ ವಿಮರ್ಶೆಯೆಲ್ಲ ಈ ಮರುಪ್ರದರ್ಶನಗಳ ನೆಲದ ಮೇಲೆ ನಿಂತುದು. ಟ್ರಿಂಬಲ್ ದಂಪತಿಗಳ ಅಂಚೆಚೀಟಿಗಳಿಗೆ ಅದು ಎಷ್ಟು ಋಣಿಯೆಂಬುದನ್ನು ವಿಮರ್ಶಕರು ಒಪ್ಪಿಕೊಳ್ಳುವುದು ಅಪರೂಪ.

ಇನ್ನು ಅಭಿಮಾನಿಗಳು ತಮ್ಮ ತಮ್ಮಲ್ಲಿ ನಡೆಸಿದ ಚರ್ಚೆಯನ್ನು ನೋಡೋಣ. 1967ರಲ್ಲಿ ನಾಟಕವಿನ್ನೂ ನಡೆಯುತ್ತಿರುವಾಗಲೇ ‘ಸ್ಪಾಕನೇಲಿಯ’ ಎಂಬ ಅಭಿಮಾನಿಪತ್ರಿಕೆ ಹೊರಟಿತು. ಡೆವ್ರಾ ಲ್ಯಾಂಗ್‌ಸಮ್ ಮತ್ತು ಶೆರ್ನಾ ಕಾಮರ್‌ಫೋರ್ಡ್ ಅದರ ಸಂಪಾದಕಿಯರು. ಲಾಭದ ಉದ್ದೇಶವಿಲ್ಲದೆ, ಕೈಯಿಂದ ಹಣ ಹಾಕಿ, ಕಲ್ಲಚ್ಚಿನ ಕಾಲದ ನಮ್ಮ ಕೈಬರೆಹದ ಪತ್ರಿಕೆಗಳಂತೆ ಮನೆಯಲ್ಲೇ ಸಿದ್ಧಗೊಳಿಸಿದ ಪತ್ರಿಕೆ. ಸ್ಪಾಕ್‌ನ ಜನ್ಮಗ್ರಹದ ಆಚಾರವಿಚಾರಗಳೇನು, ಅವನ ದೇಹಧರ್ಮವೆಂಥದು, ಅವನ ತರ್ಕಕ್ಕೂ ಭಾವಕ್ಕೂ ಇರುವ ಸಂಬಂಧವೇನು ಎಂಬಂಥ ವಿಷಯಗಳ ಮೇಲೆ ಪ್ರಬಂಧಗಳು, ಪದ್ಯಗಳು, ಕಥೆಗಳು ಅದರಲ್ಲಿ ಬಂದುವು. ಮೇಲುನೋಟಕ್ಕೆ ಇದು ಹುಡುಗಾಟವೆಂದು ತೋರಬಹುದು. ಆದರೆ ಭಾರತದ ಒಂದು ಉಪಪಾತ್ರದ ಬಗ್ಗೆ ಮೂಲದಲ್ಲಿ ಎರಡೇ ಮಾತಿದ್ದರೂ ಅದನ್ನು ಹಿಡಿದು ಸಂದೇಹಗಳನ್ನೆತ್ತಿ ಸಮಾಧಾನ ಹೇಳುವ ನಮ್ಮ ವ್ಯಾಖ್ಯಾನಕಾರರ ಮನೋಧರ್ಮಕ್ಕೂ ಇದಕ್ಕೂ ಬಹಳ ದೂರವಿಲ್ಲ. ಕೃತಿಯಲ್ಲಿ ಹೇಳದೆ ಬಿಟ್ಟುದನ್ನು ಕೃತಿಯ ನಿಯಮಕ್ಕೇ ಒಳಪಟ್ಟು ತುಂಬಿಕೊಳ್ಳುವುದು ಇಬ್ಬರ ಕೆಲಸವೂ ಹೌದು.

ಈ ಬರೆಹಗಾರರಲ್ಲಿ ಬಹುಪಾಲು ಹೆಂಗಸರು ಎಂಬ ಅಂಶವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಜಾನಪದ ಸಂಶೋಧಕಿ ಕಮೀಲ್ ಬೇಕನ್-ಸ್ಮಿತ್ 1992ರ ತಮ್ಮ ಗ್ರಂಥದಲ್ಲಿ ಈ ಮಹಿಳೆಯರ ಬರೆಹಲೋಕವನ್ನು ಒಂದು ಸಮುದಾಯದ ಆಚಾರವನ್ನು ಅಭ್ಯಸಿಸುವಂತೆ ಬಹುಕಾಲ ಅವರ ನಡುವೆಯೇ ಇದ್ದು ವರ್ಣಿಸಿದ್ದಾರೆ. ಸಾರ್ವಜನಿಕರ ಕಲ್ಪನೆಯಲ್ಲಾದರೋ ಅಭಿಮಾನಿಯೆಂದರೆ ಲೋಕಜ್ಞಾನವಿಲ್ಲದ, ಪ್ರಾಯ ಬಂದರೂ ಬುದ್ಧಿ ಬಾರದ ಗಂಡಸು. 1986ರ ಡಿಸೆಂಬರಿನಲ್ಲಿ ಎನ್.ಬಿ.ಸಿ.ಯದೇ ಹಾಸ್ಯಕಾರ್ಯಕ್ರಮವೊಂದರಲ್ಲಿ, ಕರ್ಕ್ ಪಾತ್ರವನ್ನು ವಹಿಸಿದ್ದ ವಿಲಿಯಂ ಶ್ಯಾಟ್ನರ್ ಅಭಿಮಾನಿಗಳ ಸಭೆಯನ್ನು ಕುರಿತು ಇನ್ನಾದರೂ ಬದುಕು ನೋಡಿಕೊಳ್ಳಿರೆಂದು ಗದರಿಸುವ ಪ್ರಹಸನವೊಂದನ್ನು ಅಭಿನಯಿಸಿದನು. ಇಪ್ಪತ್ತು ವರ್ಷಗಳ ಹಿಂದೆ ಯಾರ ಪತ್ರಗಳಿಗೆ ಸಂಸ್ಥೆಯು ಪ್ರಸಾರದಲ್ಲಿ ಉತ್ತರಿಸಿತ್ತೋ ಅವರನ್ನೇ ಅದರ ರಂಗದ ಮೇಲೆ ನಗೆಪಾಟಲು ಮಾಡಿದುದು ಕಾಲವೈಚಿತ್ರ್ಯ.

ಹೆನ್ರಿ ಜೆಂಕಿನ್ಸ್ ತಮ್ಮ 1992ರ ‘ಟೆಕ್ಸ್ಚುವಲ್ ಪೋಚರ್ಸ್’ ಗ್ರಂಥವನ್ನು ಈ ಪ್ರಹಸನದಿಂದಲೇ ಆರಂಭಿಸುತ್ತಾರೆ. ಫ್ರಾನ್ಸಿನ ಚಿಂತಕ ಮಿಷೆಲ್ ದ ಸೆರ್ತೋ ಹೇಳಿದ ಉಪಮೆಯನ್ನು ಅವರು ಬಳಸಿಕೊಂಡಿದ್ದಾರೆ: ಓದುಗನು ಪರರ ಒಡೆತನದ ಕಾಡಿಗೆ ನುಗ್ಗಿ ತನಗೆ ಬೇಕಾದುದನ್ನು ಬೇಟೆಯಾಡಿ ತರುವ ಕಳ್ಳಬೇಟೆಗಾರ. ಅಭಿಮಾನಿಯೂ ಹೀಗೆಯೇ ಕಂಪನಿಯ ಸೊತ್ತಾದ ನಾಟಕದಿಂದ ಪಾತ್ರಗಳನ್ನೂ ಸನ್ನಿವೇಶಗಳನ್ನೂ ಎತ್ತಿಕೊಂಡು ಹೊಸ ಕಥೆ ಕಟ್ಟುತ್ತಾನೆ ಎಂಬುದು ಅವರ ವಾದ. ತಿರಸ್ಕಾರಕ್ಕೆ ಗುರಿಯಾಗಿದ್ದ ಒಂದು ಜನವರ್ಗಕ್ಕೆ ಈ ಗ್ರಂಥವು ತಂದುಕೊಟ್ಟ ಮನ್ನಣೆ ದೊಡ್ಡದು. ತಾವೂ ಒಬ್ಬ ಅಭಿಮಾನಿಯೆಂದು ಒಪ್ಪಿಕೊಂಡು ಬರೆದ ಅವರ ಪ್ರಾಮಾಣಿಕತೆಯೂ ಶ್ಲಾಘ್ಯವಾದುದು. ಆದರೂ ಚರಿತ್ರೆಯ ದೃಷ್ಟಿಯಿಂದ ಒಂದು ಆಕ್ಷೇಪಣೆಗೆ ಅವಕಾಶವಿದೆ. ಕಳ್ಳಬೇಟೆಯ ಉಪಮೆ ನಾಟಕವು ನಿಂತ ಮೇಲಿನ ಕಾಲಕ್ಕೆ ಒಪ್ಪುವಷ್ಟು 1968ಕ್ಕೆ ಒಪ್ಪುವುದಿಲ್ಲ. ಟ್ರಿಂಬಲ್ ದಂಪತಿಗಳ ಮಾತಿಗೆ ಓಗೊಟ್ಟು ಬರೆದವರು ಬೇಲಿ ಹಾರಿದವರಲ್ಲ. ಹೆಸರು ವಿಳಾಸಗಳನ್ನು ಬರೆದು, ಬಾಗಿಲು ತಟ್ಟಿ, ಒಡೆಯನ ಎದುರು ನಿಂತು ಬಿನ್ನೈಸಿದವರು. ಕಾಡಿನ ಬೇಟೆ ಅವರಿಗೆ ಬೇಡವಾಗಿತ್ತು. ಕಾಡನ್ನು ಕಡಿಯಬೇಡಿ ಎಂದು ಅವರು ಕೇಳಿದರು. ಇದೇ ಜನ 1970ರ ದಶಕದಲ್ಲಿ, ಕೇಳಲು ಒಡೆಯನೇ ಇಲ್ಲವಾದಾಗ, ತಮ್ಮ ಕಥೆಗಳನ್ನು ತಾವೇ ಬರೆದುಕೊಂಡರು. ಬಿನ್ನಹದಿಂದ ಬೇಟೆಗೆ ನಡೆದ ಈ ಬದಲಾವಣೆಗೆ ಕಾಲವೂ ಕಾರಣವೂ ಉಂಟು. ಸಿದ್ಧಾಂತದಲ್ಲಿ ಅದು ಮರೆಯಾಗಿದೆ.

ಇನ್ನೊಂದು ವಿಮರ್ಶಾಮಾರ್ಗವು ಪ್ರೇಕ್ಷಕರನ್ನು ಬದಿಗಿಟ್ಟು ನಾಟಕದ ಒಳಗನ್ನೇ ಶೋಧಿಸುತ್ತದೆ. ಅದರ ಪ್ರತಿನಿಧಿ ಬ್ರೂಸ್ ಫ್ರಾಂಕ್ಲಿನ್. 1992ರಲ್ಲಿ ವಾಷಿಂಗ್ಟನ್ನಿನ ವಾಯು ಮತ್ತು ವ್ಯೋಮ ವಸ್ತುಸಂಗ್ರಹಾಲಯದಲ್ಲಿ ಈ ನಾಟಕವನ್ನೂ 1960ರ ದಶಕವನ್ನೂ ಕುರಿತು ನಡೆದ ಪ್ರದರ್ಶನಕ್ಕೆ ಸಲಹೆಗಾರರಾಗಿದ್ದ ಇವರು, 1994ರ ಲೇಖನವೊಂದರಲ್ಲಿ ನಾಲ್ಕು ಕಂತುಗಳನ್ನು ವಿಯೆಟ್ನಾಂ ಯುದ್ಧದ ಬೆಳಕಿನಲ್ಲಿ ಓದಿದ್ದಾರೆ. 1967ರ ಏಪ್ರಿಲ್ 6ರಂದು ಬಂದ ‘ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್’ ಎಂಬುದರಲ್ಲಿ ಶಾಂತಿವಾದಿನಿಯಾದ ಸ್ತ್ರೀಯೊಬ್ಬಳು ಬದುಕಿದರೆ ಅಮೆರಿಕವು ಎರಡನೆಯ ಮಹಾಯುದ್ಧಕ್ಕೆ ಇಳಿಯುವುದು ತಡವಾಗಿ ಜರ್ಮನಿಗೆ ಜಯವಾಗುತ್ತದೆ. ಆದಕಾರಣ ಅವಳು ಸಾಯಲೇಬೇಕು. 1968ರ ಫೆಬ್ರವರಿ 2ರ ‘ಎ ಪ್ರೈವೇಟ್ ಲಿಟ್ಲ್ ವಾರ್’ನಲ್ಲಿ ಶತ್ರುಗಳು ಒಂದು ಪಕ್ಷಕ್ಕೆ ಬಂದೂಕುಗಳನ್ನು ಕೊಟ್ಟರೆಂದು ಕರ್ಕ್ ಇನ್ನೊಂದು ಪಕ್ಷಕ್ಕೂ ಸಮಸಮವಾಗಿ ಕೊಡುತ್ತಾನೆ, ಮನಸ್ಸು ಮುರಿದುಕೊಂಡೇ ಕೊಡುತ್ತಾನೆ. ಮೊದಲ ಎರಡರಲ್ಲಿ ಯುದ್ಧವು ಒಲ್ಲದಿದ್ದರೂ ತಪ್ಪದ ಕರ್ತವ್ಯ. 1968ರ ಮಾರ್ಚ್ 1ರ ‘ದಿ ಒಮೇಗ ಗ್ಲೋರಿ’ಯಲ್ಲಿ ಯಾಂಗರು ಕೋಮರು ಎಂಬ ಎರಡು ಪಂಗಡಗಳು ತಮ್ಮ ಯುದ್ಧದ ಕಾರಣವನ್ನೇ ಮರೆತು ಬರ್ಬರರಾಗಿವೆ, 1969ರ ಜನವರಿ 10ರಂದು ಬಂದ ಕಂತಿನಲ್ಲಿ, ಮುಖದ ಅರ್ಧ ಕಪ್ಪು ಅರ್ಧ ಬಿಳುಪಾದ ಇಬ್ಬರು ತಮ್ಮ ಗ್ರಹವೇ ದ್ವೇಷದಿಂದ ಸುಟ್ಟುಹೋದ ಮೇಲೂ ಹೊಡೆದಾಡುತ್ತಾರೆ. ಮೊದಲ ಎರಡಕ್ಕೂ ಕೊನೆಯ ಎರಡಕ್ಕೂ ನಡುವೆ ಅಮೆರಿಕದ ಮನಸ್ಸು ತಿರುಗಿದುದನ್ನು ಫ್ರಾಂಕ್ಲಿನ್ ಕಾಣುತ್ತಾರೆ.

ಈ ಓದು ಬಹಳ ಬೆಳಕನ್ನು ಚೆಲ್ಲುತ್ತದೆಂಬುದನ್ನು ಒಪ್ಪಬೇಕು. ತಾರೀಖುಗಳೂ ಅದಕ್ಕೆ ಸಾಕ್ಷಿ ನುಡಿಯುತ್ತವೆ: ಬಂದೂಕಿನ ಕಥೆ ಪ್ರಸಾರವಾದುದು ವಿಯೆಟ್ನಾಮಿನಲ್ಲಿ ಟೆಟ್ ಆಕ್ರಮಣ ಆರಂಭವಾಗಿ ಕೆಲವೇ ದಿನಗಳ ಮೇಲೆ. ಆದರೆ ಸಾಕ್ಷಿ ಎರಡು ಕಡೆಗೂ ನುಡಿಯುವುದುಂಟು. ಶಾಂತಿವಾದಿನಿಯು ಸಾಯುವ ಕಂತು ಬಂದುದಕ್ಕೆ ಎರಡು ದಿನ ಮುಂಚೆ, 1967ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿ ಭಾಷಣ ಮಾಡಿದರು. ಉಹುರಾ ಪಾತ್ರವನ್ನು ವಹಿಸಿದ್ದ ನಿಶೆಲ್ ನಿಕೋಲ್ಸ್ ತಮ್ಮ 1994ರ ಆತ್ಮಕಥೆಯಲ್ಲಿಯೂ ಇತರ ಸಂದರ್ಭಗಳಲ್ಲಿಯೂ ಹೇಳಿರುವಂತೆ, ಅವರು ನಾಟಕವನ್ನು ಬಿಡಲು ನಿಶ್ಚಯಿಸಿದಾಗ ತಡೆದವರು ಇದೇ ಕಿಂಗ್. ತಾವೂ ಈ ನಾಟಕದ ಅಭಿಮಾನಿಯೆಂದೂ, ಕರಿಯ ಜನರನ್ನು ಸಮಾನರಾಗಿ ಲೋಕವು ಕಾಣುವ ಎಡೆಯನ್ನು ಬಿಡಕೂಡದೆಂದೂ ಅವರು ಹೇಳಿದರಂತೆ. ಇದು ಬಹುಕಾಲದ ಮೇಲಿನ ನೆನಪು, ಒಬ್ಬರ ಹೇಳಿಕೆ ಎಂಬುದನ್ನು ಮರೆಯದೆ ಇಷ್ಟನ್ನು ಹೇಳಬಹುದು: ವಿಮರ್ಶಕರು ಯುದ್ಧದ ಸಮರ್ಥನೆಯನ್ನು ಓದಿದ ವರ್ಷದಲ್ಲಿಯೇ, ಯುದ್ಧದ ಬಹುದೊಡ್ಡ ವಿರೋಧಿಯೊಬ್ಬರು ಅದೇ ನಾಟಕದಲ್ಲಿ ಬೇರೊಂದನ್ನು ಓದುತ್ತಿದ್ದರು. 1998ರಲ್ಲಿ ಡೇನಿಯಲ್ ಬರ್ನಾರ್ಡಿ ತಮ್ಮ ಗ್ರಂಥದಲ್ಲಿ, ಈ ನಾಟಕವು ಬಿಡಿಸಿದ ಭವಿಷ್ಯವು ಸಮಾನತೆಯ ಮಾತಿನ ಕೆಳಗೆ ಬಿಳಿಯರ ಭವಿಷ್ಯವೇ ಆಗಿದೆಯೆಂದು ವಾದಿಸಿದರು. ಉಹುರಾಳಿಗೆ ಕಂತುಗಳಲ್ಲಿ ದೊರೆಯುವ ಮಾತುಗಳನ್ನು ಎಣಿಸಿದರೆ ಬರ್ನಾರ್ಡಿಯವರ ಮಾತು ಸುಳ್ಳೆನ್ನಲಾಗದು. ಆದರೆ ಅವಳು ಅಲ್ಲಿ ಕುಳಿತಿದ್ದುದೇ ಒಂದು ಮಾತೆಂದು 1967ರ ಪ್ರೇಕ್ಷಕನು ಕೇಳಿಸಿಕೊಂಡನು.

ಈಗ ಆಂಡರ್ಸನ್ ಮತ್ತು ಎಲಿಸನ್ ಎಂಬ ಎರಡು ಹೆಸರುಗಳಿಗೆ ಬರೋಣ. 1968ರ ಜೂನ್ ತಿಂಗಳ ‘ಗ್ಯಾಲಕ್ಸಿ’ ಎಂಬ ವಿಜ್ಞಾನಕಥೆಗಳ ಪತ್ರಿಕೆಯಲ್ಲಿ ಎರಡು ಜಾಹೀರಾತುಗಳು ಪ್ರಕಟವಾದುವು. ಅಮೆರಿಕದ ಸೈನ್ಯವು ವಿಯೆಟ್ನಾಮಿನಲ್ಲಿ ಉಳಿಯಬೇಕೆಂಬ ಲೇಖಕರ ಸಹಿಗಳು ಒಂದರಲ್ಲಿ. ಯುದ್ಧವನ್ನು ವಿರೋಧಿಸುವವರ ಸಹಿಗಳು ಇನ್ನೊಂದರಲ್ಲಿ. ನಾಟಕದ ಕರ್ತೃ ರಾಡೆನ್‌ಬೆರಿಯ ಹೆಸರು ವಿರೋಧದ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಎಲಿಸನ್ನನೂ ಇದ್ದಾನೆ. ಶಾಂತಿವಾದಿನಿಯ ಕಥೆಯನ್ನು ಮೊದಲು ಬರೆದವನು, ತನ್ನ ಕಥೆಯನ್ನು ರಾಡೆನ್‌ಬೆರಿ ತಿದ್ದಿ ಕೆಡಿಸಿದನೆಂದು ಬಾಳಿನುದ್ದಕ್ಕೂ ಜಗಳವಾಡಿದವನು ಇವನೇ. ಸಮರ್ಥನೆಯ ಪಟ್ಟಿಯಲ್ಲಿ ಪೋಲ್ ಆಂಡರ್ಸನ್ ಇದ್ದಾನೆ. ಹದಿನೆಂಟು ತಿಂಗಳ ಹಿಂದೆ ಒಂದೇ ಸಮಿತಿಯ ಹೆಸರಿನಲ್ಲಿ ಈ ನಾಟಕವನ್ನು ಉಳಿಸಿರೆಂದು ಲೋಕವನ್ನು ಬೇಡಿದ್ದವರು ಇಬ್ಬರೂ!

ಈ ಒಂದು ದಾಖಲೆಯು ನಾಲ್ಕು ಕಂತುಗಳ ಸೂಕ್ಷ್ಮವಾದ ಓದಿಗಿಂತ ಹೆಚ್ಚಿನದೆಂದು ನಾವು ಹೇಳುತ್ತಿಲ್ಲ. ಆದರೆ ನಾಟಕದ ಅರ್ಥವು ಯುದ್ಧದ ಪರವೋ ವಿರುದ್ಧವೋ ಎಂಬ ಪ್ರಶ್ನೆಗೆ ನಾಟಕದ ಒಳಗೆ ಮಾತ್ರ ಉತ್ತರ ಹುಡುಕುವವರು ಈ ಎರಡು ಪಟ್ಟಿಗಳಿಗೆ ಸಮಾಧಾನ ಹೇಳಬೇಕಾಗುತ್ತದೆ. ಯುದ್ಧ ಬೇಕೆಂದವನೂ ಬೇಡವೆಂದವನೂ ಕೂಡಿಯೇ ಕಾಪಾಡಬಯಸಿದ ಕೃತಿಯಲ್ಲಿ ಅವರಿಬ್ಬರಿಗೂ ಸಾಮಾನ್ಯವಾದುದೇನೋ ಇದ್ದಿರಬೇಕು. ವಿಜ್ಞಾನಕಥೆಯನ್ನು ಮಕ್ಕಳ ಸರಕೆಂದು ಕಡೆಗಣಿಸುತ್ತಿದ್ದ ದೂರದರ್ಶನದಲ್ಲಿ ಅದಕ್ಕೆ ಪ್ರೌಢರ ನಾಟಕವೆಂಬ ಅಂತಸ್ತು ದೊರೆತುದೇ ಲೇಖಕರ ಪಾಲಿಗೆ ಆ ಸಾಮಾನ್ಯಾಂಶವಾಗಿತ್ತೆಂದು ನಮ್ಮ ಊಹೆ. 1968ರಲ್ಲಿ ಹ್ಯೂಗೊ ಪ್ರಶಸ್ತಿಯ ನಾಟಕ ವಿಭಾಗಕ್ಕೆ ನಾಮಕರಣಗೊಂಡ ಐದಕ್ಕೆ ಐದೂ ಈ ನಾಟಕದ ಕಂತುಗಳೇ ಆಗಿದ್ದು, ಶಾಂತಿವಾದಿನಿಯ ಕಥೆಯೇ ಪ್ರಶಸ್ತಿಯನ್ನು ಪಡೆದುದು ಈ ಊಹೆಗೆ ಬಲ ಕೊಡುತ್ತದೆ. ಪತ್ರ ಬರೆದ ಲಕ್ಷಾಂತರ ಸಾಮಾನ್ಯ ಪ್ರೇಕ್ಷಕರ ವಿಷಯದಲ್ಲಿ ಇಷ್ಟು ನಿಶ್ಚಯವಾಗಿ ಹೇಳಲು ನಾವು ಸಿದ್ಧರಿಲ್ಲ. ಈ ಪತ್ರಗಳ ಸಂಖ್ಯೆಯನ್ನು ಕುರಿತು ನಡೆದಿರುವಷ್ಟು ಚರ್ಚೆ ಅವುಗಳ ಒಕ್ಕಣೆಯನ್ನು ಕುರಿತು ನಡೆದಿಲ್ಲ. ಎಣಿಸುವ ಚಟವು ಸಂಸ್ಥೆಯಿಂದ ಚರಿತ್ರಕಾರರಿಗೂ ಅಂಟಿದಂತಿದೆ.

ಕೊನೆಯದಾಗಿ 1968ರ ಮಾರ್ಚ್ 1ರ ರಾತ್ರಿಯ ವಿಷಯ ಒಂದು ಮಾತು. ಅಂದು ಪ್ರಸಾರವಾದ ಕಂತು, ಮೇಲೆ ಹೇಳಿದ ‘ದಿ ಒಮೇಗ ಗ್ಲೋರಿ’. ಯುದ್ಧದಿಂದ ಬೇಸತ್ತ ಅಮೆರಿಕದ ಮನಸ್ಸನ್ನು ಫ್ರಾಂಕ್ಲಿನ್ ಆ ಒಂದು ಗಂಟೆಯ ಕಥೆಯಲ್ಲಿ ಓದಿದರು. ಪತ್ರಚಳುವಳಿಯ ಚರಿತ್ರೆಯನ್ನು ಬರೆದವರು ಅದರ ಬೆನ್ನಿಗೆ ಬಂದ ಪ್ರಕಟನೆಯನ್ನು ಎತ್ತಿಕೊಂಡರು. ಅಂದಿನ ಪ್ರೇಕ್ಷಕನು ಎರಡನ್ನೂ ಒಂದೇ ಆಸನದಲ್ಲಿ ಕುಳಿತು, ಒಂದರ ಹಿಂದೊಂದಾಗಿ ನೋಡಿದನು. ನಾಟಕವು ಮುಂದುವರಿಯುವುದೆಂಬ ಆ ಪ್ರಕಟನೆಯಲ್ಲಿ, ಇನ್ನು ಪತ್ರ ಬರೆಯುವುದನ್ನು ನಿಲ್ಲಿಸಬಹುದೆಂಬ ಸೂಚನೆಯೂ ಅಡಗಿತ್ತು. ಪ್ರೇಕ್ಷಕರು ನಿಲ್ಲಿಸಲಿಲ್ಲ. ಬೇಡಿಕೆಯ ಪತ್ರಗಳು ಎಷ್ಟು ಬಂದಿದ್ದುವೋ ಹೆಚ್ಚುಕಡಮೆ ಅಷ್ಟೇ ಸಂಖ್ಯೆಯಲ್ಲಿ ಕೃತಜ್ಞತೆಯ ಪತ್ರಗಳು ಸಂಸ್ಥೆಯ ಕಾರ್ಯಾಲಯಕ್ಕೆ ಬಂದು ಬಿದ್ದುವು.